ಅನ್ನಪೂರ್ಣೇಶ್ವರಿ ನಗರಕ್ಕೆ 55 ಬೈಟ್

ನಮ್ಮ ಬಡಾವಣೆಯ ಹೆಸರನ್ನು ‘ಅನ್ನಪೂರ್ಣೇಶ್ವರಿ ನಗರ’ ಎಂದು ಕನ್ನಡದಲ್ಲಿ ಟೈಪ್ ಮಾಡಿದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಅದು 55 ಬೈಟ್ ಜಾಗ ಹಿಡಿಯುತ್ತದೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ, ಒತ್ತು ಮೂಡಿಸುವ ಚಿಹ್ನೆಗೂ ತಲಾ 3 ಬೈಟ್ ಬೇಕು. ಈ ಹೆಸರಿನಲ್ಲಿ ಅಂಥವು 18 ಇವೆ. ನಡುವಿನ ಖಾಲಿ ಜಾಗಕ್ಕೆ ಇನ್ನೊಂದು ಬೈಟ್. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 21 ಬೈಟ್‌ಗೆ ಮುಗಿಯುತ್ತದೆ.

ಪ್ರೊಸೆಸರ್ ಮೆಮೊರಿಯನ್ನು ಓದುವ ರೀತಿ ಗೊತ್ತಿದ್ದವರಿಗೆ 55 ಎಂಬ ಸಂಖ್ಯೆ ಸಮಾಧಾನ ತರುತ್ತದೆ, ಯಾಕೆಂದರೆ ಅದು 64ರೊಳಗಿದೆ. ಇಂಟೆಲ್, ಎಎಂಡಿ ಮತ್ತು ಹೆಚ್ಚಿನ ಆರ್ಮ್ ಪ್ರೊಸೆಸರ್‌ಗಳು ಒಂದೇ ಒಂದು ಬೈಟ್ ಬೇಕಿದ್ದರೂ ಮೆಮೊರಿಯಿಂದ 64 ಬೈಟ್‌ಗಳ ಒಂದು ಕಟ್ಟನ್ನೇ ತರುತ್ತವೆ. ಈ ಕಟ್ಟಿಗೆ ‘ಕ್ಯಾಶ್ ಲೈನ್’ ಎಂದು ಹೆಸರು. ನಮ್ಮ ಬಡಾವಣೆಯಿಂದ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋದವರು ಒಂದೇ ಈರುಳ್ಳಿ ಕೊಂಡು ಮರಳುತ್ತಾರೆಯೇ? ಅಷ್ಟು ದೂರ ಹೋದಮೇಲೆ ಚೀಲ ತುಂಬಿಸಿಕೊಂಡೇ ಬರುತ್ತಾರೆ. ಕಟ್ಟಿನ ಆರಂಭಕ್ಕೆ ಸರಿಯಾಗಿ ಜೋಡಿಸಿಟ್ಟರೆ ನಮ್ಮ ಬಡಾವಣೆಯ ಹೆಸರು ಕನ್ನಡದಲ್ಲಿಯೂ ಒಂದೇ ಸಲಕ್ಕೆ ಬಂದುಬಿಡುತ್ತದೆ. ಕಟ್ಟಿನ ನಡುವೆ ಎಲ್ಲೋ ಶುರುವಾದರೆ ಎರಡು ಕಟ್ಟು ತರಿಸಬೇಕಾಗುತ್ತದೆ.

ಒಂದು ಕಟ್ಟು ಹೆಚ್ಚಾದರೆ ಏನು ಮಹಾ ಎನಿಸಬಹುದು. 4 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಮಿಡಿತ ಕಾಲು ನ್ಯಾನೊಸೆಕೆಂಡಿನದು. ಅಷ್ಟರಲ್ಲಿ ಅದರ ಒಂದೊಂದು ಕೋರ್ ಮೂರು ನಾಲ್ಕು ಕೂಡುವ ಲೆಕ್ಕ ಮುಗಿಸಬಲ್ಲದು. ಮುಖ್ಯ ಮೆಮೊರಿಯಿಂದ ಒಂದು ಸಂಖ್ಯೆ ಬರಲು ಸುಮಾರು 60ರಿಂದ 100 ನ್ಯಾನೊಸೆಕೆಂಡ್ ಹಿಡಿಯುತ್ತದೆ. ಅಂದರೆ ಒಂದು ಸಲ ಮೆಮೊರಿಯ ದಾರಿ ಕಾಯುವಷ್ಟರಲ್ಲಿ 240ರಿಂದ 400 ಮಿಡಿತಗಳು ಕಳೆದುಹೋಗುತ್ತವೆ. ಬೇರೆ ಕೆಲಸ ಹುಡುಕಿಕೊಳ್ಳಲು ಪ್ರೊಸೆಸರ್ ಎಷ್ಟೇ ಜಾಣತನ ತೋರಿದರೂ, ಮುಂದಿನ ಲೆಕ್ಕಕ್ಕೆ ಅದೇ ಸಂಖ್ಯೆ ಬೇಕಿದ್ದರೆ ಕಾಯುವುದೊಂದೇ ದಾರಿ. ‘ಸಿಪಿಯು ನೂರಕ್ಕೆ ನೂರು ಬ್ಯುಸಿ’ ಎಂದು ಪರದೆ ತೋರಿಸುವ ಎಷ್ಟೋ ಹೊತ್ತಿನಲ್ಲಿ ಅದು ನಿಜವಾಗಿ ಮಾಡುತ್ತಿರುವುದು ಈ ಕಾಯುವ ಕೆಲಸವನ್ನೇ.

ಮೆಮೊರಿ ಇಷ್ಟು ನಿಧಾನವಾಗಿರಲು ಅದರ ಕಟ್ಟೋಣವೇ ಕಾರಣ. 1960ರ ದಶಕದ ಉತ್ತರಾರ್ಧದಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ರೂಪಿಸಿದ ಡಿರ‍್ಯಾಮ್‌ನಲ್ಲಿ ಪ್ರತಿ ಬಿಟ್ಟಿಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪ್ಯಾಸಿಟರ್. ಕೆಪ್ಯಾಸಿಟರಿನಲ್ಲಿ ವಿದ್ಯುದಂಶ ಇದ್ದರೆ 1, ಇಲ್ಲದಿದ್ದರೆ 0. ಓದುವಾಗ ಆ ವಿದ್ಯುದಂಶ ಹರಿದುಹೋಗುವುದರಿಂದ ಮತ್ತೆ ತುಂಬಬೇಕು. ಓದದೆ ಬಿಟ್ಟರೂ ಅದು ಸೋರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಹೊಸದಾಗಿ ತುಂಬಿಸುತ್ತಿರಬೇಕು. ಈ ವಿನ್ಯಾಸದಿಂದಲೇ ಗಿಗಾಬೈಟ್‌ಗಟ್ಟಲೆ ಮೆಮೊರಿ ನಮ್ಮ ಕೈಗೆಟಕುವ ಬೆಲೆಗೆ ಬಂದಿತು. ಆದರೆ ಪ್ರೊಸೆಸರ್ ಓಡಿದ ವೇಗಕ್ಕೆ ಅದು ಓಡಲಿಲ್ಲ. ಈ ಅಂತರವನ್ನು 1995ರಲ್ಲಿ ವುಲ್ಫ್ ಮತ್ತು ಮೆಕ್ಕೀ ಎಂಬ ಇಬ್ಬರು ಸಂಶೋಧಕರು ‘ಮೆಮೊರಿ ಗೋಡೆ’ ಎಂದು ಕರೆದರು.

ಗೋಡೆ ದಾಟುವ ಉಪಾಯ ಅದಕ್ಕೂ ಎಷ್ಟೋ ಮುಂಚೆ ಹೊಳೆದಿತ್ತು. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲೇ, ದೊಡ್ಡ ನಿಧಾನ ಮೆಮೊರಿಯ ಮುಂದೆ ಚಿಕ್ಕ ವೇಗದ ಮೆಮೊರಿಯೊಂದನ್ನು ಇಟ್ಟು, ಈಚೆಗೆ ಬಳಸಿದ್ದನ್ನೆಲ್ಲ ಅದರಲ್ಲಿ ಉಳಿಸಿಕೊಳ್ಳಬಹುದು ಎಂದು ಬರೆದರು. 1968ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್/360 ಮಾಡೆಲ್ 85ರಲ್ಲಿ ಅದು ಮಾರುಕಟ್ಟೆಗೆ ಬಂತು. ಈ ಚಿಕ್ಕ ಮೆಮೊರಿಗೇ ‘ಕ್ಯಾಶ್’ ಎನ್ನುತ್ತಾರೆ. 1989ರ ಇಂಟೆಲ್ 486 ಚಿಪ್ಪಿನೊಳಗೇ 8 ಕಿಲೊಬೈಟ್ ಕ್ಯಾಶ್ ಇತ್ತು. ಇಂದಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಮೂರು ಹಂತಗಳಿವೆ: ಕೋರ್‌ಗೆ ಅಂಟಿಕೊಂಡ ಎಲ್1 (32 ಅಥವಾ 48 ಕಿಲೊಬೈಟ್, ನಾಲ್ಕೈದು ಮಿಡಿತ), ಅದರಾಚೆ ಎಲ್2 (ಒಂದು ಮೆಗಾಬೈಟಿನ ಆಸುಪಾಸು, ಸುಮಾರು 15 ಮಿಡಿತ), ಎಲ್ಲ ಕೋರ್‌ಗಳೂ ಹಂಚಿಕೊಳ್ಳುವ ಎಲ್3 (ಹಲವು ಮೆಗಾಬೈಟ್, 40ಕ್ಕಿಂತ ಹೆಚ್ಚು ಮಿಡಿತ).

ಕ್ಯಾಶ್‌ಗೆ ತೆರುವ ಬೆಲೆ ದೊಡ್ಡದು. ಅಲ್ಲಿ ಒಂದು ಬಿಟ್ಟಿಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್ ಬೇಕು. ಇದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರ್‌ಗಳ ಜಿಯಾನ್ 7400 ಪ್ರೊಸೆಸರನ್ನು (ಒಳಹೆಸರು ‘ಡನ್ನಿಂಗ್ಟನ್’) ವಿನ್ಯಾಸ ಮಾಡಿದ್ದು ಆ ಕಂಪನಿಯ ಬೆಂಗಳೂರು ತಂಡ. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು 190 ಕೋಟಿ. ಎಲ್3 ಕ್ಯಾಶ್ 16 ಮೆಗಾಬೈಟ್, ಎಲ್2 ಒಟ್ಟು 9 ಮೆಗಾಬೈಟ್. ಎರಡೂ ಸೇರಿ 25. ಬಿಟ್ಟಿಗೆ ಆರರಂತೆ ಲೆಕ್ಕ ಹಾಕಿದರೆ ಸುಮಾರು 126 ಕೋಟಿ ಟ್ರಾನ್ಸಿಸ್ಟರು. ಚಿಪ್ಪಿನ ಮೂರನೇ ಎರಡು ಭಾಗದಷ್ಟು ಟ್ರಾನ್ಸಿಸ್ಟರುಗಳು ಒಂದು ಲೆಕ್ಕವನ್ನೂ ಮಾಡುವುದಿಲ್ಲ. ಲೆಕ್ಕ ಮಾಡುವವರಿಗೆ ಬೇಕಾದ್ದನ್ನು ಹತ್ತಿರ ಇಟ್ಟುಕೊಂಡು ಕೂತಿರುತ್ತವೆ. ಎಂಜಿನಿಯರುಗಳು ಇಷ್ಟೊಂದು ಸಿಲಿಕಾನನ್ನು ಕ್ಯಾಶ್‌ಗೆ ಬಿಟ್ಟುಕೊಟ್ಟಿದ್ದಾರೆ ಎಂದರೆ, ಪ್ರೋಗ್ರಾಂ ಬರೆಯುವವರು ಅದನ್ನು ಮರೆತು ಬರೆಯುವುದು ಸರಿಯಲ್ಲ ಎಂದೇ ನನ್ನ ಭಾವನೆ.

ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಿ. ನಗರದ 10 ಲಕ್ಷ ಮನೆಗಳ ನೀರಿನ ಬಿಲ್ಲಿನ ದಾಖಲೆ ಇದೆ. ಒಂದೊಂದು ದಾಖಲೆಗೆ 256 ಬೈಟ್: ಕನ್ನಡದಲ್ಲಿ ಹೆಸರು, ಮನೆ ಸಂಖ್ಯೆ, ಕ್ರಾಸ್, ಬಡಾವಣೆ, ಕೊನೆಗೆ 4 ಬೈಟಿನಲ್ಲಿ ಬಳಸಿದ ನೀರಿನ ಪ್ರಮಾಣ. ಒಟ್ಟು ಎಷ್ಟು ನೀರು ಖರ್ಚಾಯಿತು ಎಂದು ಕೂಡಬೇಕು. ದಾಖಲೆಗಳು ಒಂದರ ಹಿಂದೊಂದು ಸಾಲಾಗಿದ್ದರೆ ಪ್ರತಿ ಮನೆಗೂ ಒಂದು ಹೊಸ ಕಟ್ಟು ತರಬೇಕು. 64 ಬೈಟ್ ಬರುತ್ತದೆ, ಬಳಕೆಯಾಗುವುದು 4. ಉಳಿದ 60 ಬೈಟ್ ವ್ಯರ್ಥ ಓಡಾಟ. ಹೀಗೆ 10 ಲಕ್ಷ ಕಟ್ಟು. ಅದರ ಬದಲು ನೀರಿನ ಪ್ರಮಾಣಗಳನ್ನಷ್ಟೇ ಬೇರೆ ಅರೇಯಲ್ಲಿ ಒತ್ತಾಗಿ ಜೋಡಿಸಿಟ್ಟರೆ ಒಂದು ಕಟ್ಟಿನಲ್ಲಿ 16 ಮನೆಯ ಲೆಕ್ಕ ಬರುತ್ತದೆ, 62,500 ಕಟ್ಟಿನಲ್ಲಿ ಕೆಲಸ ಮುಗಿಯುತ್ತದೆ. ಕೂಡುವ ಲೆಕ್ಕ ಮಾತ್ರ ಎರಡರಲ್ಲೂ 10 ಲಕ್ಷವೇ. ಅಲ್ಗಾರಿದಂ ಪುಸ್ತಕದ ಅಳತೆಯಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ.

ಒತ್ತಾಗಿ ಜೋಡಿಸಿದ ಅರೇಗೆ ಇನ್ನೊಂದು ಅನುಕೂಲವೂ ಇದೆ. ಕಟ್ಟುಗಳನ್ನು ಸಾಲಾಗಿ ಕೇಳುತ್ತಿದ್ದೇವೆ ಎಂದು ಗೊತ್ತಾದ ಕೂಡಲೇ ಪ್ರೊಸೆಸರ್ ಮುಂದಿನವನ್ನು ತಾನೇ ಮೊದಲು ತರಿಸಿಡುತ್ತದೆ. ಲಿಂಕ್ಡ್ ಲಿಸ್ಟಿನಲ್ಲಿ ಈ ಸೌಕರ್ಯ ಸಿಗುವುದಿಲ್ಲ. ಅಲ್ಲಿ ಒಂದು ಕೊಂಡಿ ಕೈಗೆ ಬಂದಮೇಲಷ್ಟೇ ಮುಂದಿನದು ಎಲ್ಲಿದೆ ಎಂಬ ವಿಳಾಸ ತಿಳಿಯುತ್ತದೆ. ನಡುವೆ ಒಂದು ಅಂಶ ಸೇರಿಸಲು ಲಿಂಕ್ಡ್ ಲಿಸ್ಟೇ ಲೇಸು ಎಂದು ನಾವೆಲ್ಲ ಓದಿದ್ದೇವೆ. ಸೇರಿಸಬೇಕಾದ ಜಾಗವನ್ನು ಮೊದಲಿಂದ ನಡೆದು ಹುಡುಕುವ ಕೆಲಸದಲ್ಲಿ ಅಲ್ಲಿಯೂ ಸಾಲಾದ ಅರೇಯೇ ಗೆಲ್ಲುತ್ತದೆ ಎಂದು ಸಿ++ ಭಾಷೆಯ ಜನಕ ಬ್ಯಾರ್ನ್ ಸ್ಟ್ರೌಸ್ಟ್ರಪ್ 2012ರ ಭಾಷಣವೊಂದರಲ್ಲಿ ತೋರಿಸಿಕೊಟ್ಟರು.

ಈಗ ನನಗೆ ಬಹಳ ಇಷ್ಟವಾದ ಪ್ರಯೋಗ. 4096 ಸಾಲು, 4096 ಕಂಬಗಳ ಮ್ಯಾಟ್ರಿಕ್ಸ್. ಪ್ರತಿ ಸಂಖ್ಯೆಗೆ 8 ಬೈಟ್. ಸಿ ಭಾಷೆ ಅದನ್ನು ಸಾಲು ಸಾಲಾಗಿ ಮೆಮೊರಿಯಲ್ಲಿ ಇಡುತ್ತದೆ. ಸಾಲಿನುದ್ದಕ್ಕೂ ಕೂಡುತ್ತ ಹೋದರೆ ಒಂದು ಕಟ್ಟಿನಲ್ಲಿ ಬಂದ ಎಂಟೂ ಸಂಖ್ಯೆಗಳು ಬಳಕೆಯಾಗುತ್ತವೆ. ಎರಡು ಲೂಪ್‌ಗಳನ್ನು ಅದಲುಬದಲು ಮಾಡಿ ಕಂಬದುದ್ದಕ್ಕೂ ಇಳಿದರೆ ಒಂದೊಂದು ಹೆಜ್ಜೆಗೂ 32,768 ಬೈಟ್ ದೂರ ನೆಗೆಯಬೇಕು. ತಂದ ಕಟ್ಟುಗಳು ಕ್ಯಾಶ್‌ನಲ್ಲೇ ಉಳಿದಿದ್ದರೆ ಮುಂದಿನ ಕಂಬಕ್ಕೂ ಅವೇ ಸಾಕಾಗುತ್ತಿದ್ದವು. ಆದರೆ ಕ್ಯಾಶ್‌ನಲ್ಲಿ ಯಾವ ಕಟ್ಟು ಎಲ್ಲಿ ಬೇಕಾದರೂ ಕೂರುವಂತಿಲ್ಲ. 32 ಕಿಲೊಬೈಟಿನ ಎಲ್1ರಲ್ಲಿ ಸಾಮಾನ್ಯವಾಗಿ 64 ಸೆಟ್‌ಗಳಿದ್ದು ಒಂದೊಂದರಲ್ಲಿ 8 ಜಾಗ ಇರುತ್ತವೆ. ಕಟ್ಟಿನ ವಿಳಾಸವೇ ಅದರ ಸೆಟ್ಟನ್ನು ನಿರ್ಧರಿಸುತ್ತದೆ, ಮತ್ತು ಪ್ರತಿ 4096 ಬೈಟಿಗೊಮ್ಮೆ ಅದೇ ಸೆಟ್ ಮರಳಿ ಬರುತ್ತದೆ. 32,768 ಎಂದರೆ ಸರಿಯಾಗಿ 4096ರ ಎಂಟರಷ್ಟು! ಹೀಗಾಗಿ ಕಂಬದ 4096 ಸಂಖ್ಯೆಗಳೂ ಒಂದೇ ಸೆಟ್ಟಿನ 8 ಜಾಗಕ್ಕೆ ಮುಗಿಬೀಳುತ್ತವೆ, ಪಕ್ಕದ 63 ಸೆಟ್‌ಗಳು ಖಾಲಿ ಇದ್ದರೂ. ಮುಂದಿನ ಕಂಬಕ್ಕೆ ಬರುವಷ್ಟರಲ್ಲಿ ಮೊದಲು ತಂದ ಕಟ್ಟುಗಳೆಲ್ಲ ಹೊರಬಿದ್ದಿರುತ್ತವೆ. ಎಲ್2ರಲ್ಲೂ ಇಂಥದೇ ನೂಕುನುಗ್ಗಲು. ಪರಿಹಾರ ಬೆರಗು ಹುಟ್ಟಿಸುವಷ್ಟು ಸರಳ. ಪ್ರತಿ ಸಾಲಿನ ಕೊನೆಗೆ ಉಪಯೋಗವಿಲ್ಲದ 8 ಸಂಖ್ಯೆಗಳಷ್ಟು ಜಾಗ ಬಿಡಿ. ಆಗ ಪ್ರತಿ ಸಾಲೂ ಮುಂದಿನ ಸೆಟ್ಟಿನಿಂದ ಶುರುವಾಗುತ್ತದೆ, ಒಂದು ಕಂಬದ ಒಟ್ಟು 256 ಕಿಲೊಬೈಟ್‌ನಷ್ಟು ಕಟ್ಟುಗಳು ಎಲ್2ರಲ್ಲಿ ಹರಡಿಕೊಂಡು ಉಳಿಯುತ್ತವೆ. ಮೆಮೊರಿ ಹೆಚ್ಚು ಬಳಸಿದ ಪ್ರೋಗ್ರಾಂ ಬೇಗ ಮುಗಿಯುತ್ತದೆ.

ಕೂಡುವುದರಲ್ಲಾದರೆ ಲೂಪ್ ಬದಲಿಸಿ ಪಾರಾಗಬಹುದು. ಇಂಥ ಎರಡು ಮ್ಯಾಟ್ರಿಕ್ಸ್‌ಗಳನ್ನು ಸಾಮಾನ್ಯ ವಿಧಾನದಲ್ಲಿ ಗುಣಿಸುವಾಗ ಒಂದನ್ನು ಸಾಲಾಗಿ, ಇನ್ನೊಂದನ್ನು ಕಂಬವಾಗಿ ಓದಬೇಕಾಗುತ್ತದೆ. ಗುಣಾಕಾರಗಳು ಸುಮಾರು 6,872 ಕೋಟಿ. ಇದಕ್ಕೆ ಬಳಸುವ ತಂತ್ರ ‘ಟೈಲಿಂಗ್’. ಮ್ಯಾಟ್ರಿಕ್ಸನ್ನು 32ಕ್ಕೆ 32ರ ಚೌಕಗಳಾಗಿ ಒಡೆದರೆ ಒಂದು ಚೌಕ 8 ಕಿಲೊಬೈಟ್, ಕೆಲಸಕ್ಕೆ ಬೇಕಾದ ಮೂರು ಚೌಕಗಳು 24 ಕಿಲೊಬೈಟ್. ಒಂದೊಂದು ಚೌಕವನ್ನೂ ಒತ್ತಾಗಿ ನಕಲು ಮಾಡಿಕೊಂಡರೆ ಮೂರೂ ಎಲ್1ರಲ್ಲಿ ಹಿಡಿಯುತ್ತವೆ. ಒಳತಂದ ಪ್ರತಿ ಸಂಖ್ಯೆ ಹೊರಹೋಗುವ ಮುಂಚೆ 32 ಸಲ ಬಳಕೆಯಾಗುತ್ತದೆ.

ಟೈಲಿಂಗನ್ನು ಕೈಯಾರೆ ಬರೆಯುವುದು ಬೇಸರದ, ತಪ್ಪಿಗೆ ಎಡೆಮಾಡುವ ಕೆಲಸ. ಇದನ್ನು ಯಂತ್ರದಿಂದಲೇ ಮಾಡಿಸುವ ಹಾದಿಯಲ್ಲಿ ದೊಡ್ಡ ಹೆಸರು ಉದಯ್ ಬೊಂದುಗುಲ ಅವರದು. ಡನ್ನಿಂಗ್ಟನ್ ಹೊರಬಂದ ಅದೇ 2008ರಲ್ಲಿ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅವರು ಸಹಲೇಖಕರೊಂದಿಗೆ ‘ಪ್ಲೂಟೊ’ ಎಂಬ ಸಾಧನವನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆ ಕೆಲಸ ಮುಂದುವರಿಸಿದರು. ಸಾಮಾನ್ಯ ಸಿ ಪ್ರೋಗ್ರಾಂ ಕೊಟ್ಟರೆ ಪ್ಲೂಟೊ ಅದರ ಲೂಪ್‌ಗಳ ಪ್ರತಿ ಸುತ್ತನ್ನೂ ರೇಖಾಗಣಿತದ ಒಂದು ಬಿಂದುವಾಗಿ ನೋಡುತ್ತದೆ; ಯಾವ ಸುತ್ತಿನ ಉತ್ತರ ಯಾವ ಸುತ್ತಿಗೆ ಬೇಕು ಎಂಬುದನ್ನು ಬಾಣಗಳಾಗಿ ಎಳೆದುಕೊಳ್ಳುತ್ತದೆ. ಒಂದು ಬಾಣವೂ ಹಿಂದುಮುಂದಾಗದಂತೆ, ಒಂದೇ ದತ್ತಾಂಶ ಬಳಸುವ ಸುತ್ತುಗಳು ಹತ್ತಿರ ಬರುವಂತೆ ಹೊಸ ಕ್ರಮವನ್ನು ಹುಡುಕಿ, ಟೈಲಿಂಗ್ ಆದ, ಹಲವು ಕೋರ್‌ಗಳಲ್ಲಿ ಓಡುವ ಸಿ ಪ್ರೋಗ್ರಾಮನ್ನು ಬರೆದುಕೊಡುತ್ತದೆ. ಗುಣಾಕಾರದ ಸಂಖ್ಯೆ ಬದಲಾಗದೆ ಅವುಗಳ ಸರದಿ ಮಾತ್ರ ಬದಲಾಗುತ್ತದೆ.

2015ರಲ್ಲಿ ಅವರ ತಂಡದಿಂದ ಬಂದ ‘ಪಾಲಿಮೇಜ್’ ಇದೇ ವಿಚಾರವನ್ನು ಚಿತ್ರ ಸಂಸ್ಕರಣೆಗೆ ಹೊಂದಿಸಿತು. 1.2 ಕೋಟಿ ಪಿಕ್ಸೆಲ್‌ಗಳ ಫೋಟೊ ಒಂದಕ್ಕೆ 3.6 ಕೋಟಿ ಬೈಟ್ ಬೇಕು. ಫೋನಿನ ಕ್ಯಾಶ್‌ನಲ್ಲಿ ಅದು ಹಿಡಿಯದು. ಸಂಸ್ಕರಣೆಯ ಮೊದಲ ಹಂತವನ್ನು ಇಡೀ ಚಿತ್ರಕ್ಕೆ ಮಾಡಿ ಮುಗಿಸಿ, ಆಮೇಲೆ ಎರಡನೆಯದನ್ನು ಶುರುಮಾಡಿದರೆ ಪ್ರತಿ ಹಂತದಲ್ಲೂ ಚಿತ್ರ ಮೆಮೊರಿಗೆ ಹೋಗಿ ಬರಬೇಕು. ಪಾಲಿಮೇಜ್ ಚಿತ್ರದ ಒಂದು ತುಂಡನ್ನು ಒಳಗೆ ತಂದು, ಅದು ಕ್ಯಾಶ್‌ನಲ್ಲಿ ಇರುವಾಗಲೇ ಒಟ್ಟುಗೂಡಿಸಿದ ಹಂತಗಳನ್ನೆಲ್ಲ ಮುಗಿಸುತ್ತದೆ. ಮೆಮೊರಿಯ ಓಡಾಟಕ್ಕೆ ತಗಲುವ ವಿದ್ಯುತ್ತು ಒಂದು ಕೂಡುವ ಲೆಕ್ಕದ ನೂರಾರು ಪಟ್ಟು ಇರುವುದರಿಂದ ಬ್ಯಾಟರಿಗೂ ಇದು ಉಳಿತಾಯವೇ.

ಹಾಗಂತ ಎಲ್ಲವನ್ನೂ ಕಂಪೈಲರಿಗೆ ಬಿಟ್ಟು ಕೂರುವಂತಿಲ್ಲ. ನೀರಿನ ಬಿಲ್ಲಿನ ದಾಖಲೆಯನ್ನು ಹೇಗೆ ಜೋಡಿಸಬೇಕೆಂದು ನಿರ್ಧರಿಸುವವರು ನಾವೇ. ಎರಡು ಕೋರ್‌ಗಳು ತಮ್ಮ ತಮ್ಮ ಎಣಿಕೆಯನ್ನು ಬರೆದುಕೊಳ್ಳುವ ಎರಡು ಸಂಖ್ಯೆಗಳು ಒಂದೇ 64 ಬೈಟಿನಲ್ಲಿ ಬಿದ್ದರೆ, ಆ ಕಟ್ಟು ಎರಡರ ನಡುವಿನ ಎಳೆದಾಟಕ್ಕೆ ಸಿಕ್ಕಿ ಇಡೀ ಪ್ರೋಗ್ರಾಂ ಕುಂಟುತ್ತದೆ. ಅವುಗಳನ್ನು ದೂರ ಇಡಬೇಕಾದವರೂ ನಾವೇ.

ಅನ್ನಪೂರ್ಣೇಶ್ವರಿ ನಗರ, ಮಲ್ಲತ್ತಹಳ್ಳಿ, ಕೆಂಗೇರಿಯ ಸುತ್ತ ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳು ತುಂಬಿದ್ದಾರೆ. ಕ್ಯಾಶ್ ಅವರ ಪಠ್ಯದಲ್ಲಿದೆ. ಡೈರೆಕ್ಟ್, ಅಸೋಸಿಯೇಟಿವ್, ಸೆಟ್-ಅಸೋಸಿಯೇಟಿವ್ ಮ್ಯಾಪಿಂಗಿನ ಚಿತ್ರ ಬಿಡಿಸಿ ಅಂಕ ತೆಗೆದುಕೊಳ್ಳುತ್ತಾರೆ. ಅದೇ ವಿಷಯ ಪ್ರೋಗ್ರಾಮಿಂಗ್ ಲ್ಯಾಬಿಗೆ ಕಾಲಿಡದೆ ಉಳಿದರೆ ದೊಡ್ಡ ನಷ್ಟ. ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: 4096ರ ಮ್ಯಾಟ್ರಿಕ್ಸನ್ನು ಸಾಲಿನಲ್ಲಿ ಒಮ್ಮೆ, ಕಂಬದಲ್ಲಿ ಒಮ್ಮೆ, ಸಾಲಿನ ಕೊನೆಗೆ 8 ಸಂಖ್ಯೆ ಸೇರಿಸಿ ಇನ್ನೊಮ್ಮೆ ಕೂಡಿಸಿ ಸಮಯ ಅಳೆಯಲು ಹೇಳಿ. ಲಿನಕ್ಸ್‌ನ ‘ಎಲ್‌ಎಸ್‌ಸಿಪಿಯು’ ಆಜ್ಞೆ ಅವರವರ ಯಂತ್ರದ ಕ್ಯಾಶ್ ಗಾತ್ರ ತೋರಿಸುತ್ತದೆ, ‘ಪರ್ಫ್’ ಎಷ್ಟು ಸಲ ಕ್ಯಾಶ್ ತಪ್ಪಿತು ಎಂದು ಎಣಿಸಿಕೊಡುತ್ತದೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಪ್ರೋಗ್ರಾಂ ಇಪ್ಪತ್ತು ಸಾಲು ದಾಟುವುದಿಲ್ಲ. ಈ ಸೆಮಿಸ್ಟರಿನ ಲ್ಯಾಬ್ ರೆಕಾರ್ಡಿನಲ್ಲಿ ಅದಕ್ಕೊಂದು ಪುಟ ಕೊಡಿ.