ಹಿಮಾಲಯವನ್ನು ದಾಟುವ ಅತಿಥಿಗಳು

ಮಾಘ ಮಾಸವು ಮುಗಿದು ಮುತ್ತುಗವು ಹೂವಾಗುವ ವೇಳೆಗೆ, ಚಳಿಗಾಲವನ್ನು ನಮ್ಮ ಕೆರೆಗಳಲ್ಲಿ ಕಳೆದ ಹಕ್ಕಿಗಳು ಉತ್ತರದ ಪ್ರಯಾಣಕ್ಕೆ ಅಣಿಯಾಗುತ್ತವೆ. ಇವುಗಳಲ್ಲಿ ಪಟ್ಟೆತಲೆ ಹೆಬ್ಬಾತಿನದು ಅತ್ಯಂತ ಸಾಹಸದ ಪ್ರಯಾಣ. ಇದನ್ನು ನೋಡಬಯಸುವವರು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಒಂದು ದಿನವನ್ನು ಕಳೆಯಬೇಕು. ೨೦೨೪ರಲ್ಲಿ ಈ ಕೆರೆಯು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು.

ಮುಂಜಾನೆ ಸೂರ್ಯನು ಬೆನ್ನ ಹಿಂದಿರುವಂತೆ ದಡದಲ್ಲಿ ಕುಳಿತರೆ ಹಕ್ಕಿಗಳ ಬಣ್ಣಗಳು ಸ್ಪಷ್ಟವಾಗಿ ಕಾಣುತ್ತವೆ. ದಡದ ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿ, ನೀರಿನಲ್ಲಿ ನಾಮದ ಕೋಳಿ, ಸೂಜಿಬಾಲದ ಬಾತು. ಹೊಲಗಳಲ್ಲಿ ಮೇವು ಮುಗಿಸಿದ ಹೆಬ್ಬಾತುಗಳು ಸಾಲುಗಟ್ಟಿ ಬಂದಿಳಿಯುತ್ತವೆ. ಬೂದು ಮೈ, ಬಿಳಿಯ ತಲೆ, ಅದರ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಗುರುತಿಸುವುದು ಸುಲಭ. ಹಗಲಿನಲ್ಲಿ ಅವು ನೀರಿನಲ್ಲಿಯೂ ದಡದಲ್ಲಿಯೂ ವಿಶ್ರಮಿಸಿ, ಸಂಜೆಗೆ ಮತ್ತೆ ಹೊಲಗಳತ್ತ ಹಾರುತ್ತವೆ.

ಇವುಗಳ ತವರು ಮಂಗೋಲಿಯ, ಟಿಬೆಟ್ ಮೊದಲಾದ ಮಧ್ಯ ಏಷ್ಯದ ಪ್ರಸ್ಥಭೂಮಿಗಳು. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿಯನ್ನು ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಆದುದರಿಂದ ಇವು ಹಿಮಾಲಯವನ್ನು ದಾಟಲೇಬೇಕು. ಅಲ್ಲಿ ಎದುರಾಗುವ ಕಷ್ಟವನ್ನು ಭೌತಶಾಸ್ತ್ರದಿಂದ ಅರಿಯಬಹುದು.

ರೆಕ್ಕೆಯನ್ನು ಮೇಲೆತ್ತುವ ಬಲವು ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ೭೦೦೦ ಮೀಟರುಗಳೆತ್ತರದಲ್ಲಿ ಸಾಂದ್ರತೆಯು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತಲೂ ಕಡಿಮೆ. ಸಾಂದ್ರತೆ ಅರ್ಧವಾದರೆ, ಅದೇ ಭಾರವನ್ನು ಹೊರಲು ವೇಗವು ಸುಮಾರು ೧.೪ ಪಟ್ಟಾಗಬೇಕು. ಹೀಗೆ ದುಡಿಮೆ ಹೆಚ್ಚುವಲ್ಲಿಯೇ ಉಸಿರಾಟಕ್ಕೆ ದೊರೆಯುವ ಆಮ್ಲಜನಕ ಕುಗ್ಗುತ್ತದೆ! ಹೆಬ್ಬಾತಿನ ರಕ್ತದಲ್ಲಿರುವ ಹೀಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳಬಲ್ಲದು. ಅದರ ಶ್ವಾಸಕೋಶಗಳೂ ದೊಡ್ಡವು. ಇಷ್ಟಿದ್ದರೂ ಅದು ಸುಮ್ಮನೆ ಎತ್ತರವನ್ನು ಅರಸುವುದಿಲ್ಲ. ಹಕ್ಕಿಗಳ ದೇಹದಲ್ಲಿ ಸಣ್ಣ ಉಪಕರಣಗಳನ್ನಿರಿಸಿ ನಡೆಸಿದ, ೨೦೧೫ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಒಂದು ಸೋಜಿಗ ತಿಳಿಯಿತು: ಅವು ಬೆಟ್ಟ ಬಂದಾಗ ಏರಿ, ಕಣಿವೆ ಬಂದಾಗ ಇಳಿದು ಸಾಗುತ್ತವೆ. ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುವುದು ನಷ್ಟವೆಂದು ತೋರಬಹುದು. ಆದರೆ ತೆಳುವಾದ ಗಾಳಿಯಲ್ಲಿ ಸತತವಾಗಿ ಹಾರುವುದಕ್ಕಿಂತ, ದಟ್ಟವಾದ ಗಾಳಿಗೆ ಆಗಾಗ ಇಳಿಯುವುದೇ ಅಗ್ಗ.

ಈ ಪ್ರಯಾಣಕ್ಕೆ ಬೇಕಾದ ಇಂಧನವು ದೇಹದಲ್ಲಿ ಸಂಗ್ರಹವಾದ ಕೊಬ್ಬು. ಅದು ಕೂಡುವುದು ನಮ್ಮ ಹೊಲಗಳ ಕಾಳಿನಿಂದ, ನಮ್ಮ ಕೆರೆಗಳಲ್ಲಿ ದೊರೆಯುವ ವಿಶ್ರಾಂತಿಯಿಂದ. ಚಿತ್ರ ತೆಗೆಯುವ ಆತುರದಲ್ಲಿ ಹತ್ತಿರ ನುಗ್ಗಿ ಹಿಂಡನ್ನು ಎಬ್ಬಿಸಿದರೆ, ಪ್ರತಿಯೊಂದು ಹಾರಾಟವೂ ಆ ಸಂಗ್ರಹದಿಂದ ಒಂದಿಷ್ಟನ್ನು ಕಳೆಯುತ್ತದೆ. ಕೆರೆಯಂಗಳ ಒತ್ತುವರಿಯಾದರಂತೂ ತಂಗುವ ತಾಣವೇ ಇಲ್ಲವಾಗುತ್ತದೆ.

ವಿದ್ಯಾರ್ಥಿಗಳು ತಮ್ಮ ಊರಿನ ಕೆರೆಯಲ್ಲಿಯೇ ಈ ಅಭ್ಯಾಸವನ್ನು ಆರಂಭಿಸಬಹುದು. ಒಂದು ದುರ್ಬೀನು, ಒಂದು ಪುಸ್ತಕ ಸಾಕು. ದೂರದಲ್ಲಿ ಕುಳಿತು ದಿನಾಂಕ, ಹೊತ್ತು, ನೀರಿನ ಮಟ್ಟ, ಹಕ್ಕಿಗಳ ಸಂಖ್ಯೆಯನ್ನು ಬರೆದಿಡಿ. ಕೊನೆಯ ಹಿಂಡು ಹೊರಟ ದಿನವನ್ನು ತಪ್ಪದೆ ಗುರುತು ಹಾಕಿರಿ. ಹಲವು ವರ್ಷಗಳ ಇಂತಹ ಲೆಕ್ಕವಿದ್ದರೆ, ಕೆರೆಯಲ್ಲಿ ಆಗುತ್ತಿರುವ ಬದಲಾವಣೆಯನ್ನು ಆಧಾರಸಹಿತವಾಗಿ ಊರಿನವರ ಮುಂದಿಡಲು ಸಾಧ್ಯವಾಗುತ್ತದೆ.