ಮುಟ್ಟಿದ್ದನ್ನು ಬಲ್ಲ ಎಲೆತೊಟ್ಟು

ನವೆಂಬರಿನಲ್ಲಿ ಧಾರವಾಡದಿಂದ ಹಳಿಯಾಳದ ಕಡೆಗೋ, ಹುಬ್ಬಳ್ಳಿಯಿಂದ ಕಲಘಟಗಿಯ ಕಡೆಗೋ ಹೊರಟವರು ಗಾಡಿ ನಿಧಾನ ಮಾಡಿ ಬೇಲಿಗಳ ಮೇಲೆ ಕಣ್ಣು ಹಾಯಿಸಬೇಕು. ಕಾಡಂಚಿನ ಪೊದೆಗಳ ನೆತ್ತಿಯ ಮೇಲೆ ಕೆನೆಬಣ್ಣದ ಹೂಗಳ ರಾಶಿ ಬಿದ್ದಿರುತ್ತದೆ. ಬಿಡಿ ಹೂವು ಉಗುರಿನಷ್ಟೇ, ಆದರೆ ಗೊಂಚಲು ಮಾತ್ರ ಎಲೆಯನ್ನೇ ಮುಚ್ಚುವಷ್ಟು! ಹತ್ತಿರ ಹೋದರೆ ತೆಳುವಾದ ಕಂಪು, ಸುತ್ತ ಜೇನಿನ ಗುಂಯ್‌ಗುಟ್ಟುವಿಕೆ. ಇದೇ ಕ್ಲೆಮಾಟಿಸ್! ಇಂಗ್ಲೆಂಡಿನ ತೋಟಗಾರರು ಬಳ್ಳಿಗಳ ರಾಣಿ ಎಂದು ಹೊಗಳುವ, ಕ್ಯಾಲೆಂಡರುಗಳಲ್ಲಿ ನೇರಳೆ ಹೂಬಿಟ್ಟು ನಿಂತಿರುವ ಆ ಬಳ್ಳಿಯ ಸ್ವಂತ ಕುಲದ್ದು, ನಮ್ಮ ಬೇಲಿಯ ಮೇಲೆ, ಯಾರೂ ನೀರು ಹಾಕದೆ, ಯಾರೂ ಹೆಸರು ಹಿಡಿದು ಕರೆಯದೆ! ಸಸ್ಯಶಾಸ್ತ್ರದಲ್ಲಿ ಇದು ಕ್ಲೆಮಾಟಿಸ್ ಗೌರಿಯಾನಾ.

ಇದಕ್ಕೆ ಒಡಹುಟ್ಟಿದವುಗಳೂ ಇವೆ. ಸಹ್ಯಾದ್ರಿಯ ಸಾಲಿನಲ್ಲಿ ಇನ್ನೂ ದೊಡ್ಡ ಬಿಳಿ ಹೂ ಬಿಡುವ ಕ್ಲೆಮಾಟಿಸ್ ಟ್ರೈಲೋಬಾ ಇದೆ. ಆ ಹೆಸರಿನ ಜೊತೆ ಸೇರಿಕೊಂಡಿರುವ ಬೆಂಜಮಿನ್ ಹೈನೆ ಯಾರು ಗೊತ್ತೇ? 1799ರಲ್ಲಿ ಟಿಪ್ಪು ಮಡಿದ ಮೇಲೆ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ವಹಿಸಿಕೊಂಡ ಸಸ್ಯವಿಜ್ಞಾನಿ! ನಮ್ಮ ಸೀಮೆ ಮುಂಬೈ ಪ್ರಾಂತದಲ್ಲಿದ್ದ ಕಾಲಕ್ಕೆ ಥಿಯೋಡೋರ್ ಕುಕ್ ಅವರೂ ಅರಣ್ಯಾಧಿಕಾರಿ ಟಾಲ್ಬಟ್ ಅವರೂ ಇಲ್ಲಿಯ ಗಿಡಬಳ್ಳಿಗಳನ್ನೆಲ್ಲ ದಪ್ಪ ದಪ್ಪ ಸಂಪುಟಗಳಲ್ಲಿ ದಾಖಲಿಸಿದರು. ಇಷ್ಟೆಲ್ಲ ಆದ ಮೇಲೂ ನಮ್ಮ ಅಂಗಳಗಳಿಗೆ ಈ ಬಳ್ಳಿ ಬರಲೇ ಇಲ್ಲ ಎಂಬುದು ನನ್ನ ದೊಡ್ಡ ಕೊರಗು.

ಹೂವನ್ನೊಂದು ಅಂಗೈ ಮೇಲಿಟ್ಟುಕೊಳ್ಳಿ. ನಾಲ್ಕು ಎಸಳು ಕಾಣುತ್ತವೆ, ಆದರೆ ಅವು ಎಸಳೇ ಅಲ್ಲ! ಬೇರೆ ಹೂಗಳಲ್ಲಿ ಮೊಗ್ಗನ್ನು ಹಸಿರಾಗಿ ಸುತ್ತಿಕೊಂಡು ಕಾಯುವ ಪುಷ್ಪಪತ್ರಗಳೇ ಇಲ್ಲಿ ಬಣ್ಣ ಹಚ್ಚಿಕೊಂಡು ಎಸಳಿನ ಕೆಲಸಕ್ಕೆ ನಿಂತಿವೆ. ವಿಲಾಯತಿಯ ಅಂಗೈಯಗಲದ ನೇರಳೆ ಹೂವಿನಲ್ಲೂ ಇದೇ ಕಥೆ.

ಆದರೆ ನನ್ನನ್ನು ಮೂಕವಾಗಿಸಿದ್ದು ಹೂವಲ್ಲ, ಎಲೆಯ ತೊಟ್ಟು. ಮಲ್ಲಿಗೆ ಬಳ್ಳಿ ಮೈಯನ್ನೇ ತಿರುಚಿ ಆಸರೆಯನ್ನು ಸುತ್ತುತ್ತದೆ. ಹೀರೆ, ಹಾಗಲಗಳಿಗೆ ಬೇರೆಯದೇ ಕುಡಿ ಇದೆ. ಹೆಸರು ಹತ್ತಿರವಾದರೂ ಬೇರೆಯೇ ಆದ ಗೌರಿ ಹೂವಿನ ಬಳ್ಳಿ ಎಲೆಯ ತುದಿಯಿಂದ ಹಿಡಿಯುತ್ತದೆ. ಕ್ಲೆಮಾಟಿಸ್ ಹಿಡಿಯುವುದು ಎಲೆತೊಟ್ಟಿನಿಂದ! ಎಳೆಯ ತೊಟ್ಟಿಗೆ ಒಂದು ಕಡ್ಡಿ ತಗುಲಿದರೆ ಸಾಕು, ತಗುಲಿದ ಬದಿ ಬೆಳೆಯುವುದನ್ನು ನಿಧಾನಿಸುತ್ತದೆ, ಎದುರು ಬದಿ ಬೇಗ ಬೇಗ ಬೆಳೆಯುತ್ತದೆ. ಕೆಲವು ಗಂಟೆಗಳಲ್ಲಿ ತೊಟ್ಟು ಬಾಗಿ ಕೊಕ್ಕೆಯಾಗಿ ಕಡ್ಡಿಯನ್ನು ಅಪ್ಪಿರುತ್ತದೆ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಬಳ್ಳಿಗಳ ಚಲನೆಯ ಬಗ್ಗೆ ಬರೆದಾಗ ಕ್ಲೆಮಾಟಿಸಿನ ಎಂಟು ಜಾತಿಗಳನ್ನು ಪರೀಕ್ಷಿಸಿದ್ದರು. ಹಿಮಾಲಯದಲ್ಲಿ ಬೆಳೆಯುವ ಕ್ಲೆಮಾಟಿಸ್ ಮೊಂಟಾನಾದ ತೊಟ್ಟಿಗೆ ಅವರು ದಾರದ ಒಂದು ಕುಣಿಕೆ ತೂಗುಹಾಕಿದರು. ಆ ದಾರದ ತೂಕ ಕೇವಲ 16 ಮಿಲಿಗ್ರಾಂ. ತೊಟ್ಟು ಅದಕ್ಕೂ ಬಾಗಿತು! ನರವಿಲ್ಲ, ಮಿದುಳಿಲ್ಲ, ದಾರದ ಎಳೆಯೊಂದು ಮೈಮೇಲೆ ಬಿದ್ದದ್ದು ಮಾತ್ರ ಗೊತ್ತಾಯಿತು!

ಈ ಸ್ಪರ್ಶಜ್ಞಾನ ಅರ್ಥವಾದರೆ ಬಳ್ಳಿಯ ಆರೈಕೆ ಅರ್ಧ ಬಂದಂತೆಯೇ. ತೊಟ್ಟು ಚಿಕ್ಕದು, ದಪ್ಪ ಗಳವನ್ನೋ ಸಿಮೆಂಟಿನ ಕಂಬವನ್ನೋ ಅದು ಸುತ್ತಲಾರದು. ನಾವು ದಪ್ಪ ಬಿದಿರಿನ ಹಂದರ ಹಾಕಿ, ಬಳ್ಳಿ ಹತ್ತಲಿಲ್ಲ ಎಂದು ದೂರಿದರೆ ತಪ್ಪು ಬಳ್ಳಿಯದಲ್ಲ. ಪೆನ್ಸಿಲಿಗಿಂತ ತೆಳುವಾದ ಆಸರೆ ಬೇಕು: ಕಂಪೌಂಡ್ ಗೋಡೆಗೆ ಕಟ್ಟಿದ ಮೀನಿನ ಬಲೆ, ತಂತಿ ಜಾಲರಿ, ತೆಂಗಿನ ನಾರಿನ ಸಣ್ಣ ಹುರಿ. ಕೊಟ್ಟು ನೋಡಿ, ಎಲೆಗೊಂದು ಗಂಟು ಹಾಕಿಕೊಂಡು ಮೇಲೇರುತ್ತದೆ!

ಹಾಗಾದರೆ ಕ್ಯಾಲೆಂಡರಿನ ಆ ನೇರಳೆ ಹೂವು? ಇಂಗ್ಲೆಂಡಿನ ವೋಕಿಂಗ್ ಊರಿನ ಜಾಕ್ಮನ್ ನರ್ಸರಿಯಲ್ಲಿ 1862ರಲ್ಲಿ ಮೊದಲು ಅರಳಿದ ಜಾಕ್ಮನಿಯಂಥ ಮಿಶ್ರತಳಿಗಳು ಕೊರೆಯುವ ಚಳಿಗಾಲದಲ್ಲಿ ನಿದ್ದೆ ಹೋಗಿ ವಸಂತದಲ್ಲಿ ಏಳುವಂಥವು. ನಮ್ಮಲ್ಲಿ ಆ ಚಳಿಯೂ ಇಲ್ಲ, ಮೇ ತಿಂಗಳ ಬಿಸಿಲನ್ನು ಅವು ತಾಳುವುದೂ ಕಷ್ಟ. ಕುಂಡದಲ್ಲಿ ಮುದ್ದಿನಿಂದ ಸಾಕುವವರು ಸಾಕಲಿ. ನನ್ನ ಮನಸ್ಸು ಮಾತ್ರ ಪೂರ್ತಿ ಬೇಲಿಯ ಬಳ್ಳಿಯ ಕಡೆಗೆ, ನಮ್ಮ ಮಳೆ, ನಮ್ಮ ಬಿಸಿಲು ಎರಡನ್ನೂ ಅದು ಹುಟ್ಟಿನಿಂದ ಬಲ್ಲದು.

ಧಾರವಾಡದ ಭಾಗ್ಯ ನೋಡಿ, ಪಡುವಣಕ್ಕೆ ಮಲೆನಾಡಿನ ಮಸಾರಿ, ಮೂಡಣಕ್ಕೆ ಬಯಲುಸೀಮೆಯ ಎರಿ. ಮಸಾರಿ ಮಣ್ಣಿನ ಅಂಗಳದವರಿಗೆ ಚಿಂತೆಯೇ ಇಲ್ಲ. ಹುಬ್ಬಳ್ಳಿಯ ಎರಿ ಮಣ್ಣು ಮಳೆಯಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಅಲ್ಲಿ ಮೊಣಕಾಲುದ್ದದ ಗುಂಡಿ ತೋಡಿ ಮಸಾರಿ, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ನೆಲಕ್ಕಿಂತ ತುಸು ಏರು ಮಾಡಿ ನೆಡಬೇಕು. ಬುಡಕ್ಕೆ ನೆರಳು, ತುದಿಗೆ ಬಿಸಿಲು, ಇದು ಈ ಕುಲದ ಹಟ. ಬುಡದಲ್ಲಿ ಒಣ ಎಲೆ ಹೊದಿಸಿ, ಇಲ್ಲವೇ ಒಂದು ಚಪ್ಪಡಿ ಕಲ್ಲು ಇಡಿ.

ಹೂವು ಉದುರಿತೆಂದು ಕತ್ತರಿ ಎತ್ತಿಕೊಳ್ಳಬೇಡಿ! ಎರಡನೆಯ ಸಂಭ್ರಮ ಆಗಲೇ ಶುರು. ಒಂದೊಂದು ಬೀಜಕ್ಕೂ ರೇಶಿಮೆಯಂಥ ಉದ್ದ ಬಾಲ ಮೂಡಿ, ಬಳ್ಳಿಯೇ ಬೆಳ್ಳಿಗೂದಲು ಹೊತ್ತು ನಿಲ್ಲುತ್ತದೆ. ಆ ಬಾಲದ ಬಲದಿಂದಲೇ ಬೀಜ ಗಾಳಿಗೇರುತ್ತದೆ. ಅದೆಲ್ಲ ಹಾರಿ ಮುಗಿದ ಮೇಲೆ, ಮುಂಗಾರಿಗೆ ಮುಂಚೆ, ಎರಡು ಮೂರು ಅಡಿಗೆ ಕತ್ತರಿಸಿ. ಮಳೆಗೆ ಬರುವ ಹೊಸ ಕುಡಿಗಳಲ್ಲೇ ಮುಂದಿನ ಹೂವು. ಕೈಗವಸು ಮರೆಯಬೇಡಿ, ಹಸಿ ಬಳ್ಳಿಯ ರಸ ಚರ್ಮಕ್ಕೆ ತಾಗಿದರೆ ಉರಿದು ಬೊಬ್ಬೆ ಏಳುತ್ತದೆ. ಕತ್ತರಿಸಿದ್ದನ್ನು ದನಗಳ ಬಾಯಿಗೂ ಮಕ್ಕಳ ಕೈಗೂ ಸಿಗದಂತೆ ಇಡಿ.

ಸಸಿಗಾಗಿ ಕಾಡಿನ ಬಳ್ಳಿ ಕೀಳುವುದು ಬೇಡವೇ ಬೇಡ. ಬೇಲಿಯವರನ್ನು ಕೇಳಿ ಹಿಡಿ ಬೀಜ ತಂದು ಬಿತ್ತಿ, ಮೊಳಕೆಗೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇರಲಿ. ಅವಸರದವರು ಕಡ್ಡಿ ನೆಡಬಹುದು, ಅಲ್ಲೂ ಈ ಬಳ್ಳಿಯದು ಬೇರೆಯೇ ರೀತಿ! ದಾಸವಾಳದ ಕಡ್ಡಿಯನ್ನು ಗಿಣ್ಣಿನ ಕೆಳಗೇ ಕತ್ತರಿಸುತ್ತೇವೆ. ಕ್ಲೆಮಾಟಿಸನ್ನು ಎರಡು ಗಿಣ್ಣುಗಳ ನಡುವೆ ಕತ್ತರಿಸಬೇಕು. ಮೇಲೊಂದು ಗಿಣ್ಣು, ಅದರ ಎರಡು ಎಲೆಗಳಲ್ಲಿ ಒಂದನ್ನು ತೆಗೆದು, ಕೆಳಗಿನ ಬರಿ ದಂಟನ್ನು ಮರಳು ಬೆರೆತ ಮಣ್ಣಿಗೆ ಇಳಿಸಿ, ಗಿಣ್ಣು ಮಣ್ಣಿನ ಮಟ್ಟಕ್ಕೆ ಬರುವಂತೆ ಕೂರಿಸಿ. ಬರಿ ದಂಟಿನಿಂದಲೇ ಬೇರು ಹೊರಡುತ್ತದೆ! ಇದಕ್ಕೆ ಶ್ರಾವಣದ ಜಿಟಿಜಿಟಿ ಮಳೆಗಿಂತ ಒಳ್ಳೆಯ ಹೊತ್ತಿಲ್ಲ.