ಮುಳ್ಳು ಮುಟ್ಟಿದ ಕಣ್ಣು

ದ್ರವದ ಒತ್ತಡದ ನಿಯಮವನ್ನು ಶಾಲೆಯಲ್ಲಿ ಓದಿದವರಿಗೆಲ್ಲ ಬ್ಲೇಸ್ ಪಾಸ್ಕಲನ ಹೆಸರು ಪರಿಚಿತವಾದುದೇ. ಆದರೆ ಆ ಫ್ರೆಂಚ್ ಗಣಿತಜ್ಞನ ಅಂತರಂಗದ ಚರಿತ್ರೆಯಲ್ಲಿ, ಹತ್ತರ ಪ್ರಾಯದ ಬಾಲಿಕೆಯೊಬ್ಬಳ ಕಣ್ಣಿನ ವ್ರಣಕ್ಕೆ ಎಂತಹ ಸ್ಥಾನವಿದೆಯೆಂಬುದನ್ನು ಬಲ್ಲವರು ವಿರಳ.

ಮಾರ್ಗರೀತ್ ಪೆರಿಯೆ ಪಾಸ್ಕಲನ ಅಕ್ಕ ಜಿಲ್ಬೆರ್ತಳ ಮಗಳು. ಜ್ಞಾನಸ್ನಾನದಲ್ಲಿ ಆಕೆಗೆ ಧರ್ಮದ ತಂದೆಯಾಗಿ ನಿಂತವನೂ ಈ ಸೋದರಮಾವನೇ. ಪ್ಯಾರಿಸ್ಸಿನ ಪೋರ್ಟ್ ರಾಯಲ್ ಕನ್ಯಾಮಠದಲ್ಲಿದ್ದುಕೊಂಡು ಓದುತ್ತಿದ್ದ ಆ ಮಗುವಿನ ಎಡಗಣ್ಣಿನ ಮೂಲೆಯಲ್ಲಿ, ಕಣ್ಣೀರು ಹರಿದುಹೋಗುವ ನಾಳದ ಬಳಿ, ವ್ರಣವೊಂದು ಮೂರು ವರ್ಷಕ್ಕೂ ಮಿಕ್ಕಿ ಮಾಯದೆ ಉಳಿದಿತ್ತು. ಒತ್ತಿದರೆ ಕೀವು ಕಣ್ಣಿನಿಂದಷ್ಟೇ ಅಲ್ಲ, ಮೂಗಿನಿಂದಲೂ ಬಾಯಿಂದಲೂ ಇಳಿಯುತ್ತಿತ್ತು. ಮೂಗಿನ ಎಲುಬು ಕೊಳೆತಿತ್ತು. ದುರ್ಗಂಧವನ್ನು ತಾಳಲಾರದೆ ಆಕೆಯನ್ನು ಒಡನಾಡಿಗಳಿಂದ ಬೇರ್ಪಡಿಸಬೇಕಾಗಿ ಬಂದಿತ್ತು. ವೈದ್ಯರಿಗೆ ಉಳಿದಿದ್ದುದು ಒಂದೇ ದಾರಿ: ಕಾದ ಕಬ್ಬಿಣದಿಂದ ಬರೆ ಹಾಕುವುದು. ಕಾಯಿಲೆಯ ಮಗುವಿನ ಬಳಿ ಇರುಳು ಕಳೆದವರಿಗೆ ಆ ನಿರೀಕ್ಷೆಯ ಭಾರವನ್ನು ವಿವರಿಸಬೇಕಾಗಿಲ್ಲ.

1656ರ ಮಾರ್ಚ್ 24, ತಪಸ್ಸುಕಾಲದ ಶುಕ್ರವಾರ. ಯೇಸುಸ್ವಾಮಿಯ ಮುಳ್ಳಿನ ಕಿರೀಟದ್ದೆಂದು ಭಕ್ತರು ನಂಬಿದ್ದ ಮುಳ್ಳೊಂದು ಅಂದು ಮಠಕ್ಕೆ ಬಂದಿತ್ತು. ಕನ್ಯೆಯರೂ ವಿದ್ಯಾರ್ಥಿನಿಯರೂ ಸಾಲಾಗಿ ಬಂದು ಅದಕ್ಕೆ ಮುತ್ತಿಡುತ್ತಿದ್ದಾಗ, ಮಾರ್ಗರೀತಳ ಸರದಿಯಲ್ಲಿ ಕನ್ಯಾಸ್ತ್ರೀಯೊಬ್ಬಳು, ಕರುಣೆಯಿಂದ, ಮುಳ್ಳಿದ್ದ ಸಂಪುಟವನ್ನು ಆ ಕಣ್ಣಿಗೆ ತಾಗಿಸಿದಳು. ಅಂದೇ ಮಗು ತನಗೆ ನೋವಿಲ್ಲವೆಂದಿತು. ವಾರದ ತರುವಾಯ ಬಂದ ಶಸ್ತ್ರವೈದ್ಯ ದಲಾಂಸೆ ಪರೀಕ್ಷಿಸಿ ನೋಡಿ, ವ್ರಣದ ಕುರುಹನ್ನೇ ಕಾಣದೆ ಬೆರಗಾದನು. ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಧರ್ಮಾಧಿಕಾರಿಗಳು ಇದನ್ನು ಪವಾಡವೆಂದು ಅಂಗೀಕರಿಸಿದರು. ತಡೆಗೊಂಡ ನಾಳ ತಾನಾಗಿಯೇ ತೆರೆದಿರಬೇಕೆಂದು ಇಂದಿನ ವೈದ್ಯನು ಹೇಳಿಯಾನು. ಆ ವಾದವನ್ನು ಇಲ್ಲಿ ಬಗೆಹರಿಸುವುದು ನನ್ನ ಉದ್ದೇಶವಲ್ಲ. ಕಣ್ಣು ಗುಣವಾದುದಕ್ಕಿಂತಲೂ, ಅದನ್ನು ಕಂಡ ಮಾವನ ಮನಸ್ಸು ಹಿಡಿದ ಹಾದಿಯೇ ನನಗೆ ಹೆಚ್ಚು ಮಹತ್ತ್ವದ್ದಾಗಿ ತೋರುತ್ತದೆ.

ಇದಕ್ಕೆ ಹದಿನಾರು ತಿಂಗಳು ಮೊದಲು, 1654ರ ನವೆಂಬರ್ 23ರ ರಾತ್ರಿ, ಸುಮಾರು ಎರಡು ತಾಸಿನ ಕಾಲ, ಪಾಸ್ಕಲನು ದೇವರ ಸಾನ್ನಿಧ್ಯವನ್ನು ಬೆಂಕಿಯಂತೆ ಅನುಭವಿಸಿದ್ದನು. ಆ ಅನುಭವವನ್ನು ಬರೆದಿಟ್ಟು, ಅಂಗಿಯ ಒಳಪದರದಲ್ಲಿ ಹೊಲಿದುಕೊಂಡು ಜೀವಮಾನ ಪರ್ಯಂತ ಧರಿಸಿದ್ದನೆಂಬುದು ಆತನ ಮರಣದ ಅನಂತರವೇ ತಿಳಿದುಬಂದಿತು. ಹೀಗೆ ಎದೆಗೆ ಅವುಚಿಕೊಂಡಿದ್ದ ಭಕ್ತಿಯನ್ನು ಲೋಕಮುಖವಾಗಿ ತಿರುಗಿಸಿದುದು ಮಗುವಿನ ಕಣ್ಣು. ಮುಳ್ಳಿನ ಕಿರೀಟದ ನಡುವೆ ಒಂದು ಕಣ್ಣು: ಇದನ್ನೇ ಆತನು ತನ್ನ ಮುದ್ರೆಯಾಗಿ ಮಾಡಿಕೊಂಡನು. ಪವಾಡವನ್ನು ಕುರಿತು ಹುಟ್ಟಿದ ಚಿಂತನೆಯೇ ಬೆಳೆದು, ನಂಬದವರೊಡನೆ ಕ್ರೈಸ್ತಶ್ರದ್ಧೆಯ ಪರವಾಗಿ ಸಂವಾದಿಸುವ ಮಹಾಗ್ರಂಥವೊಂದರ ಸಂಕಲ್ಪವಾಯಿತು; ಅದರ ಅಪೂರ್ಣ ಚೂರುಗಳೇ 1670ರಲ್ಲಿ ‘ಪಾಂಸೆ’ ಎಂಬ ಹೆಸರಿನಿಂದ ಪ್ರಕಟವಾದುವು.

ವಿಚಿತ್ರವೆಂದರೆ, ಬಾಲ್ಯದಿಂದಲೂ ರೋಗಿಯಾಗಿದ್ದ ಪಾಸ್ಕಲನಿಗೆ ಅಂತಹ ಉಪಶಮನ ದೊರೆಯಲಿಲ್ಲ. ಅವನು ರಚಿಸಿದ ಪ್ರಾರ್ಥನೆಯೊಂದು ಕಾಯಿಲೆಯನ್ನು ಸದುಪಯೋಗಪಡಿಸಿಕೊಳ್ಳುವ ಬಲಕ್ಕಾಗಿ ಮಾಡಿದ ಬೇಡಿಕೆ. 1662ರ ಬೇಸಗೆಯಲ್ಲಿ, ಆತನು ತನ್ನ ಮನೆಯಲ್ಲಿ ಇರಗೊಟ್ಟಿದ್ದ ಬಡಕುಟುಂಬವೊಂದರ ಹುಡುಗನಿಗೆ ಸಿಡುಬು ತಗುಲಿತು. ತನ್ನ ಶುಶ್ರೂಷೆಗೆ ಬಂದುಹೋಗುತ್ತಿದ್ದ ಅಕ್ಕನ ಮೂಲಕ ಸೋಂಕು ಅವಳ ಮಕ್ಕಳಿಗೆ ಹರಡೀತೆಂಬ ಭಯವಿತ್ತು. ಹುಡುಗನನ್ನು ಬೇರೆಡೆಗೆ ಸಾಗಿಸುವುದು ಸುಲಭದ ಉಪಾಯವಾಗಿತ್ತು. ಆ ಸ್ಥಿತಿಯಲ್ಲಿ ಮಗುವನ್ನು ಕದಲಿಸುವುದಕ್ಕಿಂತ ತಾನೇ ಹೊರಡುವುದು ಲೇಸೆಂದು ಪಾಸ್ಕಲನು ನಿಶ್ಚಯಿಸಿ, ಜೂನ್ 29ರಂದು ಅಕ್ಕನ ಮನೆಗೆ ಹೋದನು. ಮರಳಿ ಬರಲಿಲ್ಲ; ಆಗಸ್ಟ್ 19ರಂದು, ಮೂವತ್ತೊಂಬತ್ತರ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡನು. ಮಾರ್ಗರೀತಳು 1733ರವರೆಗೆ ಬದುಕಿದ್ದಳು.